ನಿನ್ನ ಕುರ್ಚಿ ನಂಗ ಬ್ಯಾಡ

"ಜೀವನ, ನಾ ನಿಂಗ ಒಂದು ಮಾತು ಕೊಡ್ತೇನಿ. ಮುಂದ ಎಂಥಾ ಕಾಲ ಬಂದ್ರೂ, ನೀ ಕೂತ ಕುರ್ಚಿ ಮ್ಯಾಲ ನಾ ಕೂಡಂಗಿಲ್ಲ."

ಕ್ಯಾರೊಲಿನ ಈ ಮಾತು ಕೊಟ್ಟದ್ದು ಬೀದರಿನಲ್ಲಿ, ಗವಾನನ ಮದರಸಾದ ಕಲ್ಲು ಮೆಟ್ಟಿಲ ಮೇಲೆ ಕೂತು. ಕೈಯಲ್ಲಿ ಬಿಸಿ ಭಜಿಯ ಪೊಟ್ಟಣ. ಪಕ್ಕದಲ್ಲಿ ಜೀವನಕುಮಾರ.

ಆಗ ಇಬ್ಬರೂ ನಗರದ ಒಂದೇ ಪದವಿ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕರು. ಎಂ.ಎ. ಓದುವಾಗಿನಿಂದ ಜೊತೆಗಾರರು. ಅತಿಥಿ ಎಂಬುದು ಕೇಳಲು ಚೆಂದ, ಬದುಕಲು ಕಷ್ಟ. ವರ್ಷವರ್ಷವೂ ಹೊಸದಾಗಿ ಅರ್ಜಿ ಹಾಕಬೇಕು, ಹೊಸದಾಗಿ ಜಾಗ ಆರಿಸಿಕೊಳ್ಳಬೇಕು. ಪಾಠದ ಗಂಟೆಗಳು ಕಡಿಮೆಯಾದವೋ, ಆ ಜಾಗಕ್ಕೆ ಕಾಯಂ ಉಪನ್ಯಾಸಕರು ಯಾರಾದರೂ ಬಂದರೋ, ಅದೇ ದಿನ ಬಿಡುಗಡೆ.

ಆ ವಾರ ಕನ್ನಡ ವಿಭಾಗದ ಗೋರಖನಾಥ ಸರ್‌ಗೆ ಹಾಗೆಯೇ ಆಗಿತ್ತು. ಪಾಠದ ನಡುವೆ ಕರೆ ಬಂತು. ಹೋದವರು ತರಗತಿಗೆ ಮರಳಲಿಲ್ಲ. ಬೋರ್ಡಿನ ಮೇಲೆ ಅವರು ಬರೆದ ಅರ್ಧ ವಚನ ಸಂಜೆಯವರೆಗೂ ಹಾಗೇ ಇತ್ತು. ಅವರ ಜಾಗಕ್ಕೆ ಬಂದವರು ಬೇರೆ ಯಾರೂ ಅಲ್ಲ, ಅವರದೇ ಎಂ.ಎ. ಸಹಪಾಠಿ!

ಅದನ್ನು ಕಂಡ ಮೇಲೆ ಕ್ಯಾರೊಲಿನ ಒಂದೇ ಭಜಿಯನ್ನು ಬೆರಳಲ್ಲಿ ಮುರಿಯುತ್ತ ಕೂತಿದ್ದಳು.

ಜೀವನ ಮಾತ್ರ ಮದರಸಾದ ಒಂಟಿ ಮಿನಾರವನ್ನು ನೋಡುತ್ತ ನಕ್ಕಿದ್ದ. "ನೋಡು ಕ್ಯಾರು, ಮೊದಲ ಇಲ್ಲಿ ಎರಡು ಮಿನಾರ ಇದ್ವು. ಕಾರ್ಯಭಾರ ಕಮ್ಮಿ ಆತು, ಒಂದರ ಬಿಡುಗಡಿ ಆತು."

ಅವಳು ನಗಲಿಲ್ಲ. ಕೈ ಒರೆಸಿಕೊಂಡು, ಅವನ ಅಂಗೈ ಹಿಡಿದು, ಆ ಮಾತು ಕೊಟ್ಟಳು.

ಮಾತು ಕೊಟ್ಟವಳು ಅವಳು. ಆ ಮಾತು ಏನೇನು ಮಾಡಿತು ಎಂಬುದು ಅವಳಿಗೆ ತಿಳಿದದ್ದು ವರ್ಷಗಳ ನಂತರ, ಭಾಲ್ಕಿಯಲ್ಲಿ, ಒಂದು ಸೋಮವಾರ.

*

ಅಂದು ಕ್ಯಾರೊಲಿನಳ ಭಾತಂಬ್ರಾದ ಮನೆಯಲ್ಲಿ ಬೆಳಿಗ್ಗೆಯೇ ಸಂಭ್ರಮ. ಮಗಳು ಕಾಯಂ ಆಗಿದ್ದಳು! ಸಹಾಯಕ ಪ್ರಾಧ್ಯಾಪಕಿ. ಅದೂ ಪಕ್ಕದ ಭಾಲ್ಕಿಯಲ್ಲೇ.

ಅಪ್ಪ ಅಮೋಸ ಮಾಸ್ತರರಿಗೆ ಪಾರ್ಶ್ವವಾಯು ಬಡಿದು ಬಲಗೈ ಏಳುತ್ತಿರಲಿಲ್ಲ. ಎಡಗೈಯನ್ನೇ ಮಗಳ ತಲೆಯ ಮೇಲಿಟ್ಟು ಪ್ರಾರ್ಥಿಸಿದರು. ಅವಳು ಅವರಿಗೆ ಊಟ ಕಲಸಿಟ್ಟು, ಮಾತ್ರೆ ತೆಗೆದಿಟ್ಟು, ಪಕ್ಕದ ಮನೆಯವರಿಗೆ ನೋಡಿಕೊಳ್ಳಲು ಹೇಳಿ ಬಸ್ ಹಿಡಿದಳು. ಈ ಓಟ ಅವಳಿಗೆ ಹೊಸದಲ್ಲ. ಇಷ್ಟು ದಿನ ಬೀದರಿನವರೆಗೆ ಓಡುತ್ತಿದ್ದಳು, ಇನ್ನು ಭಾಲ್ಕಿಯವರೆಗೆ ಅಷ್ಟೇ.

ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಪೇಡೆ ಕಟ್ಟಿಸಿಕೊಂಡು ಕಾಲೇಜಿನ ಗೇಟು ದಾಟಿದಳು. ಬೇವಿನ ಮರಗಳ ಕೆಳಗೆ ಹುಡುಗರು ಬೈಕಿಗೆ ಒರಗಿ ನಿಂತಿದ್ದರು. ಉದ್ದನೆಯ ವರಾಂಡ. ಎಡಕ್ಕೆ ಪ್ರಾಚಾರ್ಯರ ಕೋಣೆ ಎಂದು ಯಾರೋ ಕೈ ತೋರಿಸಿದರು.

ಆಗ ಆ ದನಿ ಕೇಳಿತು.

"ರಾಜಧಾನಿ ಯಾಕ ಕಲಬುರಗಿ ಬಿಟ್ಟು ಬೀದರಿಗಿ ಬಂತು? ಹವಾ ಚಲೋ ಅದ, ನೀರು ಅದ. ನೀರು ಇದ್ದಲ್ಲಿಗಿ ರಾಜ ಬರ್ತಾನ. ರಾಜ ಇದ್ದಲ್ಲಿಗಿ ನೀರು ಬರಂಗಿಲ್ಲ. ಇಷ್ಟು ನೆನಪಿಟ್ರ ಅರ್ಧ ಇತಿಹಾಸ ಮುಗೀತು."

ಹುಡುಗರು ನಕ್ಕರು.

ಕ್ಯಾರೊಲಿನ ಆ ದನಿ ಬಂದ ಕಡೆ ತಿರುಗಿದಳು.

ಇಲ್ಲ... ಇರಲಿಕ್ಕಿಲ್ಲ. ಅವನು ಔರಾದದಲ್ಲಿ ಇದ್ದಾನೆ. ಔರಾದದಲ್ಲೇ ಇರಬೇಕು!

ಬಾಗಿಲಿಗೆ ಬಂದು ನೋಡಿದಳು. ಅದೇ ಎತ್ತರ, ಅದೇ ಮಡಚಿದ ತೋಳು, ಮೊಣಕೈವರೆಗೂ ಸುಣ್ಣದಕಡ್ಡಿಯ ಪುಡಿ. ಕೊಂಚ ತೆಳ್ಳಗಾಗಿದ್ದಾನೆ. ಕಿವಿಯ ಬಳಿ ಒಂದೆರಡು ಕೂದಲು ಬೆಳ್ಳಗಾಗಿವೆ.

ಜೀವನಕುಮಾರ ತಿರುಗಿದ. ಚಾಕ್‌ಪೀಸು ಬೋರ್ಡಿನ ಮೇಲೆ ನಿಂತುಬಿಟ್ಟಿತು. ಆದರೆ ಅವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಬರಬೇಕಾದ ಬಸ್ಸು ಬಂತು ಎನ್ನುವಂತೆ ನೋಡಿದ.

"ಬರ್ರಿ ಮೇಡಂ," ಎಂದ. "ಪ್ರಾಚಾರ್ಯರು ಒಳಗ ಇದ್ದಾರ."

ಮೇಡಂ! ಅವಳನ್ನು ಕ್ಯಾರು ಎಂದು ಬಿಟ್ಟು ಬೇರೆ ಹೆಸರಿನಿಂದ ಕರೆಯದವನು...

ಪೇಡೆಯ ಪೊಟ್ಟಣವನ್ನು ಎದೆಗೆ ಒತ್ತಿ ಹಿಡಿದು ಅವಳು ಅಲ್ಲಿಂದ ಸರಿದಳು.

*

ಬೆಂಗಳೂರಿನಲ್ಲಿ ಸ್ಥಳ ಆಯ್ಕೆಯ ದಿನ ಅವಳ ಸರದಿ ಬಂದಾಗ ಈ ಕಡೆ ಉಳಿದಿದ್ದದ್ದು ಎರಡೇ ಊರು. ಔರಾದ ಮತ್ತು ಭಾಲ್ಕಿ. ಉಳಿದವೆಲ್ಲ ದೂರದ ದಕ್ಷಿಣದ ಜಿಲ್ಲೆಗಳು.

ಅವಳ ಬೆರಳು ಮೊದಲು ಹೋದದ್ದು ಔರಾದದ ಮೇಲೆ. ಪ್ರೀತಿಯಿಂದ ಅಲ್ಲ, ಸಿಟ್ಟಿನಿಂದ.

ಅದಕ್ಕೂ ಒಂದೆರಡು ವರ್ಷ ಮೊದಲು ಜೀವನ ಬೀದರಿನ ಕಾಲೇಜು ಬಿಟ್ಟು ದಿಢೀರನೆ ಔರಾದಕ್ಕೆ ಹೋಗಿದ್ದ. ಹೋಗುವಾಗ ಅವಳಿಗೆ ಹೇಳಿದ್ದು ಒಂದೇ ಕಾರಣ: ತನ್ನೂರು ಡಾಬಕಾದಲ್ಲಿ ಅವ್ವನಿಗೆ ಆರಾಮಿಲ್ಲ, ಹಾಸಿಗೆ ಹಿಡಿದಿದ್ದಾಳೆ, ಔರಾದವಾದರೆ ಊರಿಗೆ ಹತ್ತಿರ. ಪಾಪ ಎಂದು ಕ್ಯಾರೊಲಿನ ಕಣ್ಣೀರು ತುಂಬಿಕೊಂಡು ಕಳಿಸಿಕೊಟ್ಟಿದ್ದಳು. ಚರ್ಚಿನಲ್ಲಿ ಅವನ ಅವ್ವ ಆನಂದಮ್ಮನ ಹೆಸರು ಹೇಳಿ ಪ್ರಾರ್ಥನೆಯನ್ನೂ ಮಾಡಿಸಿದ್ದಳು.

ಕೆಲವೇ ವಾರಗಳಲ್ಲಿ ಸುಗ್ಗಿ ಹಬ್ಬ ಬಂತು. ಜಿಲ್ಲೆಯ ಊರೂರಿನ ಸಭೆಯವರೆಲ್ಲ ಜೋಳ, ತೊಗರಿ, ಕಾಯಿಪಲ್ಲೆ ತಂದು ಬೀದರಿನ ಚರ್ಚಿನ ಅಂಗಳದಲ್ಲಿ ಹರಾಜು ಹಾಕುವ ದಿನ. ಅಲ್ಲಿ ಕ್ಯಾರೊಲಿನ ಕಂಡದ್ದೇನು? ಹಾಸಿಗೆ ಹಿಡಿದ ಆನಂದಮ್ಮ ತಲೆಯ ಮೇಲೆ ಜೋಳದ ಚೀಲ ಹೊತ್ತು ಬಂದು, ಧಪ್ಪನೆ ಇಳಿಸಿ, ಒಂದು ಕುಂಬಳಕಾಯಿಗಾಗಿ ಪಾಸ್ಟರಮ್ಮನ ಜೊತೆ ಪೈಪೋಟಿಯ ಮೇಲೆ ಕೂಗುತ್ತಿದ್ದಳು!

ಅಂದು ಕ್ಯಾರೊಲಿನಳೊಳಗೆ ಏನೋ ಮುರಿಯಿತು. ನನ್ನಿಂದ ದೂರ ಹೋಗಲಿಕ್ಕೆ ಅವ್ವನಿಗೇ ರೋಗ ಹಚ್ಚಿದನೇ ಇವನು? ಬೇಡವಾಗಿದ್ದರೆ ಬೇಡ ಎನ್ನಬಹುದಿತ್ತಲ್ಲ...

ಅವನ ಫೋನು ಎತ್ತುವುದನ್ನು ಅಂದೇ ಬಿಟ್ಟಳು. ಸಿಟ್ಟನ್ನೆಲ್ಲ ಪುಸ್ತಕದ ಮೇಲೆ ಹಾಕಿದಳು. ಅಪ್ಪನನ್ನು ಮಲಗಿಸಿ ಓದಿದಳು, ಬಸ್ಸಿನಲ್ಲಿ ನಿಂತುಕೊಂಡೇ ಓದಿದಳು, ಗೆದ್ದಳು.

ಈಗ ಪರದೆಯ ಮೇಲೆ ಔರಾದ. ಒಂದು ಬೆರಳು ಒತ್ತಿದರೆ ಅವನ ಕುರ್ಚಿ ಅವಳದು. ತಿಳಿಯಲಿ ಅವನಿಗೆ!

ಆದರೆ ಮದರಸಾದ ಮೆಟ್ಟಿಲು ನೆನಪಾಯಿತು. ಕೊಟ್ಟ ಮಾತು ನೆನಪಾಯಿತು. ಅವನು ಸುಳ್ಳುಗಾರ ಇರಬಹುದು, ನಾನಲ್ಲ... ಎಂದುಕೊಂಡು ಭಾಲ್ಕಿ ಒತ್ತಿ ಎದ್ದು ಬಂದಿದ್ದಳು.

ಮಾತು ಉಳಿಸಿಕೊಂಡೆ ಎಂದು ಬಂದವಳ ಕಣ್ಣೆದುರಿಗೆ ಇಂದು ಇದೇನಿದು!

*

ಪ್ರಾಚಾರ್ಯ ಹಾವಗೆಪ್ಪನವರು ಹಣೆಯ ವಿಭೂತಿಯಷ್ಟೇ ಬಿಳಿ ಮನಸ್ಸಿನವರು. ಕ್ಯಾರೊಲಿನಳನ್ನು ಕೂಡಿಸಿ, ಚಹಾ ತರಿಸಿ, ಪೇಡೆ ಬಾಯಿಗೆ ಹಾಕಿಕೊಂಡು, ಇತಿಹಾಸ ವಿಭಾಗಕ್ಕೆ ಕಾಯಂ ಮನುಷ್ಯರು ಬರದೆ ಎಷ್ಟೋ ಕಾಲವಾಯಿತೆಂದು ಹೇಳಿದರು. ಕೆಲಸಕ್ಕೆ ಹಾಜರಾದ ಪತ್ರವನ್ನು ಅವಳ ಮುಂದಿಟ್ಟರು. ಸಹಿ ಒಂದು ಹಾಕಿಬಿಟ್ಟರೆ ಆಯಿತು, ಅತಿಥಿ ಉಪನ್ಯಾಸಕರನ್ನು ಮಧ್ಯಾಹ್ನವೇ ಬಿಡುಗಡೆ ಮಾಡುತ್ತೇನೆ ಎಂದರು. ಚಹಾಕ್ಕೆ ಸಕ್ಕರೆ ಸಾಕೇ ಎಂದು ಕೇಳುವ ದನಿಯಲ್ಲೇ!

ಅವಳು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಬೇರೆ ತರಗತಿಗಳು, ಬೇರೆ ಗಂಟೆಗಳು, ಏನಾದರೂ ಉಳಿದಾವೇ ಎಂದು ಕೇಳಿದಳು. ಇರುವ ಪಾಠ ಒಬ್ಬರಿಗೇ ಸರಿಹೋಗುತ್ತದೆ ಎಂದರು ಅವರು.

ಅಷ್ಟರಲ್ಲಿ ಜೀವನಕುಮಾರ ಒಳಗೆ ಬಂದ. ವಿಭಾಗದ ಬೀರುವಿನ ಕೀಲಿಕೈಯನ್ನು ಅವಳ ಮುಂದೆ ಮೇಜಿನ ಮೇಲಿಟ್ಟ.

"ಕೀಲಿ ಜರಾ ಮೊಂಡ ಅದ ರಿ ಮೇಡಂ. ಎತ್ತಿ ತಿರುಗಸಬೇಕು. ನಕಾಶಿಗಳು ಮ್ಯಾಲಿನ ಖಾನ್ಯಾಗ ಅವ."

ಪ್ರಾಚಾರ್ಯರು ಫೋನು ಬಂತೆಂದು ಕಿಟಕಿಯ ಕಡೆ ತಿರುಗಿದರು. ಆ ಒಂದು ಗಳಿಗೆಯಲ್ಲಿ ಅವಳು ಪಿಸುಗುಟ್ಟಿದಳು.

"ಜೀವನ... ನೀ ಇಲ್ಲಿ ಇದ್ದಿ ಅಂತ ನಂಗ ಗೊತ್ತಿರಲಿಲ್ಲ. ಆಣಿ ಮಾಡಿ ಹೇಳ್ತೇನಿ."

"ನೀ ಇಲ್ಲಿಗೇ ಬರ್ತಿ ಅಂತ ನಂಗ ಗೊತ್ತಿತ್ತು," ಎಂದ ಅವನು. ಹೊರಗೆ ನಡೆದ.

ಗೊತ್ತಿತ್ತು?

ಗೊತ್ತಿದ್ದೂ ಇಲ್ಲಿ ಕೂತಿದ್ದನೇ? ನನ್ನ ಕೈಯಿಂದಲೇ ಹೊರಗೆ ಹಾಕಿಸಿಕೊಳ್ಳಬೇಕೆಂದೇ? ಇದೆಂಥಾ ಸೇಡು!

ಪೆನ್ನನ್ನು ಮೇಜಿನ ಮೇಲಿಟ್ಟಳು.

"ಸರ್, ನಾ ಹಾಜರಾಗಂಗಿಲ್ಲ ರಿ."

ಫೋನು ಇಟ್ಟು ಇನ್ನೊಂದು ಪೇಡೆ ಹಾಕಿಕೊಂಡ ಹಾವಗೆಪ್ಪನವರ ಬಾಯಲ್ಲಿ ಅದು ಹಾಗೇ ನಿಂತಿತು. ತಮ್ಮ ನೌಕರಿಯಲ್ಲಿ ಅವರು ಮಾಲೆ ಹಾಕಿಕೊಂಡು ಹಾಜರಾದವರನ್ನು ಕಂಡಿದ್ದರು, ಹೊಸ್ತಿಲು ಮುಟ್ಟಿ ನಮಸ್ಕರಿಸಿ ಅತ್ತವರನ್ನೂ ಕಂಡಿದ್ದರು. ಸರ್ಕಾರಿ ಹುದ್ದೆಯನ್ನು ಮೇಜಿನ ಮೇಲೆ ಬಿಟ್ಟು ಎದ್ದವರನ್ನು ಕಂಡಿರಲಿಲ್ಲ.

ಅವರು ಗದರಲಿಲ್ಲ. ಬಾಯಿ ಒರೆಸಿಕೊಂಡು, ಮಧ್ಯಾಹ್ನದವರೆಗೆ ಸಮಯವಿದೆ, ಅಲ್ಲಿಯ ತನಕ ತರಗತಿಗೆ ಹೋಗಿ ಹುಡುಗರ ಮುಖವನ್ನಾದರೂ ನೋಡಿ ಬಾರಮ್ಮಾ ಎಂದರು. ಅವಳು ಎದ್ದು ತರಗತಿಯ ಕಡೆ ನಡೆದಳು.

*

ಕ್ಯಾರೊಲಿನ ತರಗತಿಗೆ ಕಾಲಿಟ್ಟಾಗ ಅದು ತುಂಬಿತ್ತು. ಅವಳು ಬೆರಗಾಗಿ ನಿಂತಳು. ಈಗಿನ ಕಾಲದಲ್ಲಿ ಇತಿಹಾಸ ಆರಿಸಿಕೊಳ್ಳುವವರು ಯಾರು? ಬೀದರಿನ ಕಾಲೇಜಿನಲ್ಲೇ ಮುಂದಿನ ಎರಡು ಬೆಂಚು ತುಂಬಿದರೆ ಹೆಚ್ಚು.

ಹುಡುಗರು ಎದ್ದು ನಿಂತರು. ಕಡೆಯ ಬೆಂಚಿನಿಂದ ರವಿಕಿರಣ ಎಂಬ ಹುಡುಗ ಹಲ್ಲು ಕಿರಿದ.

"ಮೇಡಂ, ಭಾಳ ತಡಾ ಮಾಡಿದ್ರಿ. ಸರ್ ದಸರಾಕ್ಕೇ ಬರ್ತಾರ ಅಂದಿದ್ರು."

"ಯಾರು ಬರ್ತಾರ ಅಂದಿದ್ರು?"

"ನೀವೇ ರಿ."

ಅವಳಿಗೆ ಅರ್ಥವಾಗಲಿಲ್ಲ. ಹುಡುಗರು ಒಬ್ಬರನ್ನೊಬ್ಬರು ತಿವಿಯುತ್ತ ನಗುತ್ತಿದ್ದರು. ಮೇಡಂ ಬೋರ್ಡು ನೋಡದೆ ದಖ್ಖನಿನ ನಕಾಶೆ ಬರೆಯುತ್ತಾರಂತೆ ಹೌದೇ ಎಂದು ಒಬ್ಬ ಕೇಳಿದ. ಇಸವಿ ತಪ್ಪಿದರೆ ನಿಲ್ಲಿಸಿ ಬಯ್ಯುತ್ತಾರಂತೆ, ಆಮೇಲೆ ತಾವೇ ಮರೆತು ಶೇಂಗಾ ಕೊಡುತ್ತಾರಂತೆ ಎಂದ ಇನ್ನೊಬ್ಬ.

ಶೇಂಗಾದ ಮಾತು ಕೇಳಿ ಅವಳ ಕಣ್ಣು ಮಂಜಾಯಿತು. ಅದು ಬೀದರಿನ ಕಾಲೇಜಿನಲ್ಲಿ ಅವಳ ತರಗತಿಯ ಹುಡುಗರನ್ನು ಬಿಟ್ಟರೆ ಒಬ್ಬನಿಗೇ ಗೊತ್ತಿದ್ದ ಅಭ್ಯಾಸ.

ಮುಂದಿನ ಬೆಂಚಿನಲ್ಲಿ ಸೌಂದರ್ಯಾ ಎಂಬ ಹುಡುಗಿ ಕೂತಿದ್ದಳು. ಶಾಂತ ಮುಖ. ಕ್ಯಾರೊಲಿನ ಅವಳ ಹತ್ತಿರ ಹೋಗಿ, ನೀನು ಇತಿಹಾಸ ಯಾಕೆ ಆರಿಸಿದಿ ಎಂದು ಕೇಳಿದಳು.

"ನಾ ಆರಿಸಿಲ್ಲ ರಿ ಮೇಡಂ. ಬಿ.ಕಾಂ.ಗೆ ಹೋಗಾಕಿ ಇದ್ದೆ. ಸರ್ ನಮ್ಮ ಮನಿಗಿ ಬಂದ್ರು."

ಬೇಸಿಗೆಯಲ್ಲಿ, ಪ್ರವೇಶದ ದಿನಗಳಲ್ಲಿ, ಕಾಲೇಜಿನವರು ಹಳ್ಳಿಗಳಿಗೆ ಹೋಗಿ ಹುಡುಗರನ್ನು ಕರೆತರುವುದು ಕ್ಯಾರೊಲಿನಳಿಗೆ ಗೊತ್ತಿತ್ತು. ಅವಳೂ ಹೋದವಳೇ. ಆದರೆ ಸೌಂದರ್ಯಾ ಹೇಳಿದ್ದು ಬೇರೆಯೇ. ಈ ಸರ್ ಒಬ್ಬರೇ ಬೈಕಿನ ಮೇಲೆ ಬಂದರಂತೆ. ಅಜ್ಜಿ ಭೀಮಬಾಯಿ, ಇತಿಹಾಸ ಓದಿ ಸತ್ತವರ ಲೆಕ್ಕ ಇಡೋದೇನು ಎಂದು ಬಯ್ದು ಕಳಿಸಿದಳಂತೆ. ಮತ್ತೆ ಬಂದರಂತೆ. ಅಜ್ಜಿ ಬಯ್ಯುತ್ತಲೇ ರೊಟ್ಟಿ ಬಡಿದು ಹಾಕಿದಳಂತೆ, ಅವರು ತಿನ್ನುತ್ತಲೇ ಬೈಗಳು ಕೇಳಿದರಂತೆ.

"ಈ ವರ್ಷ ಹುಡುಗರು ಸಾಲದಿದ್ರ ಭಾಲ್ಕಿಯ ಇತಿಹಾಸದ ಹುದ್ದಿ ಎತ್ತಿ ಬ್ಯಾರೆ ಜಿಲ್ಲಾಕ್ಕ ಕೊಡ್ತಾರ ಅಂದ್ರು ರಿ. ಒಬ್ಬರು ಮೇಡಂ ಬರೋರಿದ್ದಾರ, ಅವರು ಬರೂತನಕ ಜಾಗಾ ಉಳೀಬೇಕು ಅಂದ್ರು. ಅವರು ಬಂದ್ರ ನೀ ಏನ್ ಮಾಡ್ತಿಯೋ ಮಾಸ್ತರಾ ಅಂತ ನಮ್ಮಜ್ಜಿ ಕೇಳಿದ್ಲು."

"ಏನಂದ್ರು?"

"ನಾ ಅತಿಥಿ ಅಮ್ಮಾ, ಊಟ ಆದ ಮ್ಯಾಲ ಅತಿಥಿ ಎದ್ದು ಹೋಗಬೇಕು ಅಂದ್ರು ರಿ. ನಮ್ಮಜ್ಜಿ ಸುಮ್ಮನಾದ್ಲು. ಮರುದಿನ ತಾನೇ ನನ್ನ ಕೈ ಹಿಡಕೊಂಡು ಬಂದು ಹೆಸರು ಹಚ್ಚಿದ್ಲು."

ಹುಡುಗರು ತಿವಿದಾಡುವುದನ್ನು ಬಿಟ್ಟರು. ಹುಡುಗರಿಗೂ ಈಗ ಏನೋ ಹೊಳೆಯತೊಡಗಿತ್ತು.

ರವಿಕಿರಣ ಒಬ್ಬನಿಗೆ ಸುಮ್ಮನಿರಲು ಬರಲಿಲ್ಲ. "ಸುತ್ತಿನ ಹಳ್ಳಿ ಎಲ್ಲಾ ತಿರುಗ್ಯಾರ ಮೇಡಂ. ಭಾತಂಬ್ರಾ ಒಂದು ಬಿಟ್ಟು. ಯಾಕ್ರಿ ಸರ್, ಅಲ್ಲಿ ನಾಯಿ ಕಡೀತಾವೇನು ಅಂತ ನಾವು ಕೇಳ್ತಿದ್ವಿ."

ಭಾತಂಬ್ರಾ. ಅವಳ ಊರು. ಅಲ್ಲಿಗೆ ಬಂದಿದ್ದರೆ ಅವನು ಭಾಲ್ಕಿಯಲ್ಲಿರುವುದು ಅವಳಿಗೆ ತಿಳಿಯುತ್ತಿತ್ತು.

ಕ್ಯಾರೊಲಿನ ಬೆಂಚುಗಳನ್ನು ಮತ್ತೊಮ್ಮೆ ನೋಡಿದಳು. ಅವನು ಸೇಡಿಗಾಗಿ ಇಲ್ಲಿ ಕೂತಿರಲಿಲ್ಲ. ಈ ತುಂಬಿದ ಬೆಂಚುಗಳು... ಈ ಒಂದೊಂದು ಮುಖ... ಇವೆಲ್ಲ ಅವಳಿಗಾಗಿ ಅವನು ಬೈಕಿನ ಮೇಲೆ ಊರೂರು ಅಲೆದು ಕೂಡಿಹಾಕಿದ್ದು!

ತನ್ನನ್ನು ಹೊರಗೆ ಹಾಕುವ ಹುದ್ದೆಯನ್ನು ತಾನೇ ಕಾಪಾಡಿದ್ದನೇ ಈ ಹುಚ್ಚ?

ಅವಳು ತರಗತಿಯಿಂದ ಹೊರಗೆ ಓಡಿದಳು.

*

ಜೀವನಕುಮಾರ ಬೇವಿನ ಮರದ ಕೆಳಗೆ ಬೈಕಿಗೆ ಚೀಲ ಬಿಗಿಯುತ್ತಿದ್ದ. ಚೀಲದಲ್ಲಿ ಟಿಫಿನ್ ಡಬ್ಬಿ, ಪುಸ್ತಕಗಳು, ಒಂದು ಸ್ವೆಟರ್. ಅಷ್ಟೇ ಅವನ ಭಾಲ್ಕಿಯ ಸಂಸಾರ.

ಏದುಸಿರು ಬಿಡುತ್ತ ಬಂದವಳು ಬೈಕಿನ ಕೀಲಿಯನ್ನು ಕಿತ್ತುಕೊಂಡಳು.

"ಔರಾದ ಯಾಕ ಬಿಟ್ಟಿ?"

"ಕ್ಯಾರು, ಮಂದಿ ನೋಡ್ಲತ್ತಾರ."

"ನೋಡಲಿ. ಈಗರ ಕ್ಯಾರು ಅಂದ್ಯಲ್ಲ. ಹೇಳು."

ಅವನು ಮೊದಲು ಬೇರು ನೋಡಿದ, ಆಮೇಲೆ ಮರ ನೋಡಿದ. ಕಡೆಗೆ ಅವಳನ್ನು ನೋಡಿದ. ನಿಧಾನವಾಗಿ ಹೇಳತೊಡಗಿದ.

ಆಯ್ಕೆಯಾದವರಲ್ಲಿ ಅವಳ ಹೆಸರು ಇದೆ ಎಂದು ತಿಳಿದಾಗ ಅವನು ಔರಾದದಲ್ಲಿ ಹುಡುಗರಿಗೆ ಚಹಾ ಕುಡಿಸಿದ್ದನಂತೆ. ಅದೇ ವಾರ ಭಾಲ್ಕಿಯ ಇತಿಹಾಸ ವಿಭಾಗ ಮುಚ್ಚುವ ಸುದ್ದಿ ಬಂತು. ಭಾಲ್ಕಿ ಮುಚ್ಚಿದರೆ ಈ ಕಡೆ ಉಳಿಯುವುದು ಔರಾದ ಒಂದೇ. ಅಲ್ಲಿ ಅವನಿದ್ದಾನೆ ಎಂದು ತಿಳಿದಿರುವವರೆಗೆ ಅವಳು ಔರಾದ ಮುಟ್ಟುವವಳಲ್ಲ. ನಾನು ಔರಾದ ಬಿಟ್ಟೆ, ನೀನು ತಗೋ ಎಂದು ಹೇಳೋಣವೆಂದರೆ ಅವಳು ಫೋನು ಎತ್ತುವುದಿಲ್ಲ. ಮತ್ತೆ ಉಳಿಯುವುದೇನು? ಎಲ್ಲೋ ದಕ್ಷಿಣದ ಊರು. ಕೈ ಏಳದ ಅಮೋಸ ಮಾಸ್ತರರು ಇಲ್ಲಿ, ಮಗಳು ಅಲ್ಲಿ.

"ಅದಕ್ಕ ಈ ವರ್ಷ ಅತಿಥಿಗಳ ಜಾಗಾ ಆರಿಸೋ ಕೌನ್ಸೆಲಿಂಗಿನಾಗ ಔರಾದ ಬಿಟ್ಟು ಭಾಲ್ಕಿ ತಗೊಂಡೆ. ಹುಡುಗರು ಆದ್ರು. ವಿಭಾಗ ಉಳೀತು. ನೀ ಬಂದಿ. ಮುಗೀತು."

"ಮುಗೀತು? ನಾ ನಿನ್ನ ಕುರ್ಚಿ ತಗೊಳ್ಳಂಗಿಲ್ಲಂತ ನಿಂಗ ಅಷ್ಟು ಖಾತ್ರಿ ಇತ್ತೇನು? ನಾ ನಿನ್ನ ಮ್ಯಾಲ ಹಲ್ಲು ಕಡೀಲತ್ತಿದ್ದೆ. ಔರಾದದ ಮ್ಯಾಲ ಬೆರಳು ಇಟ್ಟಿದ್ದೆ ನಾ."

"ಇಟ್ಟಿರತಿ. ಆದ್ರ ಒತ್ತಂಗಿಲ್ಲ. ನಂಗ ಗೊತ್ತಿತ್ತು."

ತನ್ನನ್ನು ತನಗಿಂತ ಚೆನ್ನಾಗಿ ನಂಬಿದ್ದವನನ್ನು ಅವಳು ಇಷ್ಟು ದಿನ ಸುಳ್ಳುಗಾರ ಎಂದಿದ್ದಳು!

ಆದರೂ ಆ ಕುಂಬಳಕಾಯಿ ಎದೆಯಲ್ಲಿ ಹಾಗೇ ಕೂತಿತ್ತು.

"ಬೀದರ ಬಿಡುವಾಗ ನಿಮ್ಮವ್ವ ಹಾಸಿಗಿ ಹಿಡಿದಾಳ ಅಂದಿ. ಸುಗ್ಗಿ ಹಬ್ಬದಾಗ ನಿಮ್ಮವ್ವ ಕುಂಬಳಕಾಯಿ ಸಲುವಾಗಿ ಪಾಸ್ಟರಮ್ಮನ ಜೋಡಿ ಕುಸ್ತಿ ಹಿಡಿದಿದ್ಲು."

ಅವನ ತುಟಿಯಲ್ಲಿ ನಗೆ ಮೂಡಿ ಮಾಯವಾಯಿತು. "ಗೆದ್ದಳೇನು?"

"ಜೀವನ!"

"ಆ ವರ್ಷ ಬೀದರಿನಾಗ ಪಾಠ ಒಬ್ಬರಿಗೇ ಸಾಲೋವಷ್ಟು ಉಳಿದಿತ್ತು, ಕ್ಯಾರು. ರ‍್ಯಾಂಕಿನಾಗ ನಾ ಮ್ಯಾಲ ಇದ್ದೆ. ನಾ ಇದ್ರ ನೀ ಹೊರಗ. ಇದನ್ನ ನಿಂಗ ಹೇಳಿದ್ರ ನೀ ಏನ್ ಮಾಡ್ತಿದ್ದಿ? ನಿನ್ನ ಕುರ್ಚಿ ನಂಗ ಬ್ಯಾಡ ಅಂತ ಎದ್ದು ಹೋಗ್ತಿದ್ದಿ. ಮಾತು ಕೊಟ್ಟಾಕಿ ಅಲ್ಲೇನು ನೀ? ಅದಕ್ಕ ಅವ್ವನ್ನ ಹಾಸಿಗಿ ಹಿಡಿಸಿದೆ."

ಕ್ಯಾರೊಲಿನ ಹಾಗೇ ಮರಕ್ಕೆ ಒರಗಿದಳು.

ಪ್ರೀತಿಯಿಂದ ಕೊಟ್ಟಿದ್ದ ಮಾತು. ಅದೇ ಅವನ ಬಾಯಿಗೆ ಸುಳ್ಳು ತಂದಿತ್ತು. ಅದೇ ಅವನನ್ನು ಬೀದರಿನಿಂದ ಎಬ್ಬಿಸಿತ್ತು, ಔರಾದದಿಂದ ಎಬ್ಬಿಸಿತ್ತು, ಈಗ ಭಾಲ್ಕಿಯಿಂದಲೂ ಎಬ್ಬಿಸುತ್ತಿತ್ತು. ಅವಳು ಹೆಮ್ಮೆಯಿಂದ ಕಾಯ್ದುಕೊಂಡು ಬಂದ ಮಾತಿನ ಭಾರ ಹೊತ್ತವನು ಅವನು!

"ಹೋಗಿ ಸಹಿ ಹಾಕು," ಎಂದ ಅವನು ಮೆಲ್ಲಗೆ. "ನನ್ನ ಫಿಕರ್ ಮಾಡಬ್ಯಾಡ. ಬೀದರಿನ ಗಾಂಧಿ ಗಂಜಿನ ಪ್ಯಾಟ್ಯಾಗ ತೊಗರಿ ಬರೋ ಹೊತ್ತಾತು. ಅಮೀರ ಪಾಶಾ ಭಾಯಿ ದಲಾಲಿ ಅಡತಿ ಅಂಗಡ್ಯಾಗ ತೂಕ ನೋಡ್ಲಿಕ್ಕ ಮಂದಿ ಬೇಕೇ ಬೇಕು. ಪ್ರತಿ ರಜಾದಾಗ ಮಾಡ್ತೇನಲ್ಲ. ಮುಂದಿನ ಪರೀಕ್ಷಾಕ್ಕ ಓದತೇನಿ."

ಅಲ್ಲಿಗೆ ಅವಳ ದುಃಖ ಸಿಟ್ಟಾಯಿತು.

"ಬೀದರ ಬಿಟ್ಟಿ, ನಂಗ ಕೇಳಲಿಲ್ಲ. ಔರಾದ ಬಿಟ್ಟಿ, ಕೇಳಲಿಲ್ಲ. ಇವತ್ತೂ ಚೀಲಾ ಕಟ್ಟಿದಿ. ಇಬ್ಬರದೂ ನೀ ಒಬ್ಬನೇ ತೀರ್ಮಾನ ಮಾಡಾಂವ, ನಾ ಏನು ಗ್ವಾಡಿ ಮ್ಯಾಲಿನ ನಕಾಶಿ ಏನು? ಆ ಮಾತು ಕೊಟ್ಟಾಕಿ ನಾ. ಇಡೋದೂ ನಾ, ಮುರಿಯೋದೂ ನಾ."

ಅವನು ಬೆಚ್ಚಿ ನೋಡಿದ. ಅವಳ ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ನಾ ಆ ಕುರ್ಚಿ ತಗೋತೇನಿ. ನಿನ್ನ ಕುರ್ಚಿ, ಖರೇ. ಆದ್ರ ಇನ್ನ ಮ್ಯಾಲ ನಂಗ ಕೇಳದ ನನ್ನ ಸಲುವಾಗಿ ಏನೂ ಬಿಡಬ್ಯಾಡ. ಒಪ್ಪತಿಯಾ?"

"ಒಪ್ಪಿದೆ."

"ಮತ್ತ ರವಿವಾರ ಪಾಸ್ಟರ್ ಕಡಿ ಹೋಗಾಣು. ಹೆಸರು ಓದ್ಲಿಕ್ಕ ಹಚ್ಚಾಣು."

ಜೀವನನ ಕೈಯಲ್ಲಿದ್ದ ಹಗ್ಗ ಜಾರಿ ಬಿತ್ತು. ಚರ್ಚಿನಲ್ಲಿ ಮದುವೆಗೆ ಮುಂಚೆ ಮೂರು ರವಿವಾರ ಹೆಣ್ಣು ಗಂಡಿನ ಹೆಸರು ಓದುತ್ತಾರೆ. ಯಾರಿಗಾದರೂ ತಕರಾರಿದ್ದರೆ ಎದ್ದು ನಿಲ್ಲಿ ಎನ್ನುತ್ತಾರೆ.

"ಗಂಜಿನಾಗ ತೊಗರಿ ತೂಗಾಂವಗ ಅಮೋಸ ಮಾಸ್ತರು ಮಗಳನ್ನ ಕೊಡ್ತಾರೇನು?"

"ಎಂ.ಎ. ಓದಿ ತೊಗರಿ ತೂಗ್ಲತ್ತಾನ, ಕೆಲಸ ಇಲ್ಲಂತ ಮನ್ಯಾಗ ಮಲಗಿಲ್ಲ ಅಂತ ಹೇಳ್ತೇನಿ. ಕಾಯಂ ಅನ್ನೋದು ಮನಿಗಿ ಒಂದು ಇದ್ರ ಸಾಕು. ಇನ್ನೊಂದು ನೀ ಓದಿ ತಾ."

ಅವನು ಕಣ್ಣು ತಿರುಗಿಸಿಕೊಂಡ. ಸುಣ್ಣ ಮೆತ್ತಿದ ತೋಳಿನಿಂದ ಮುಖ ಒರೆಸಿಕೊಂಡ. ಮುಖವೆಲ್ಲ ಬಿಳಿಯಾಯಿತು.

"ಯಾರರ ತಕರಾರು ಅಂತ ಎದ್ದು ನಿಂತ್ರ?"

"ನಿಮ್ಮವ್ವ ನಿಂತಾಳು. ಆರಾಮಿದ್ದಾಕಿನ್ನ ಹಾಸಿಗಿ ಹಿಡಿಸಿದ್ದಕ್ಕ."

*

ಹಾವಗೆಪ್ಪನವರು ಮತ್ತೆ ಪೇಡೆಯ ಪೊಟ್ಟಣ ಬಿಚ್ಚಿದರು. ಸಹಿ ಆಯಿತು. ಬಿಡುಗಡೆಯೂ ಆಯಿತು. ಯಾವುದಕ್ಕೂ ಹೆಚ್ಚು ಹೊತ್ತು ಹಿಡಿಯಲಿಲ್ಲ.

ವಿಭಾಗದ ಕೋಣೆ ಚಿಕ್ಕದು. ಒಂದು ಬೀರು, ಒಂದು ಮೇಜು, ಒಂದೇ ಕುರ್ಚಿ. ಎತ್ತರದ ಜೀವನ ತನ್ನ ಅಳತೆಗೆಂದು ಕುರ್ಚಿಯ ನಾಲ್ಕೂ ಕಾಲಿನ ಕೆಳಗೆ ಕಟ್ಟಿಗೆಯ ತುಂಡು ಇಟ್ಟುಕೊಂಡಿದ್ದ.

ಅವಳು ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತೇ ಇದ್ದಳು. ಜೀವನ ಮೊಣಕಾಲೂರಿ ಕೂತು ಒಂದೊಂದೇ ತುಂಡನ್ನು ತೆಗೆದು ಬದಿಗಿಟ್ಟ. ಕುರ್ಚಿ ಅವಳ ಅಳತೆಗೆ ಇಳಿಯಿತು.

"ಈಗ ನಿನ್ನ ಕಾಲು ನೆಲಕ್ಕ ಹತ್ತತಾವ. ಕೂಡು."

"ನೀ ಎಲ್ಲಿ ಕೂಡ್ತಿ, ಜೀವನ?"

"ಇವತ್ತು ಇಲ್ಲೇ ನಿಂತು ನೋಡ್ತೇನಿ. ನಾಳಿಂದ ಗಂಜಿನಾಗ. ರವಿವಾರ ನಿನ್ನ ಬಾಜೂಕ."

"ರವಿವಾರ ಬೆಂಚಿನ ಮ್ಯಾಲ ಇಬ್ಬರಿಗೂ ಜಾಗಾ ಇರ್ತದ," ಎಂದಳು ಅವಳು.

ಕ್ಯಾರೊಲಿನ ಆ ಕುರ್ಚಿಯ ಮೇಲೆ ಕೂತಳು. ಮದರಸಾದ ಮೆಟ್ಟಿಲ ಮೇಲೆ ಕೊಟ್ಟ ಮಾತು ಮುರಿಯಿತು.